ಉಂಡೂ ಬಡವಾದ ಕೂಸು

ಗಂಗಾವಳಿ ನದಿ ಕಡಲನ್ನು ಸೇರುವ ಕಡೆ, ಅಂಕೋಲೆ ತಾಲೂಕಿನ ಒಂದು ಹಳ್ಳಿಯಲ್ಲಿ, ತೆಂಗಿನ ತೋಟದ ನಡುವೆ ನನ್ನ ಅಕ್ಕನ ಮನೆಯಿದೆ. ಹದಿನಾಲ್ಕು ವರ್ಷಗಳ ಹಿಂದಿನ ಒಂದು ಆಷಾಢದಲ್ಲಿ, ಜಡಿಮಳೆಯನ್ನೂ ಲೆಕ್ಕಿಸದೆ ಆ ಮನೆಯ ತುಂಬ ನೆಂಟರು ಕೂಡಿದ್ದರು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿತ್ತು. ತೊಟ್ಟಿಲಿನಲ್ಲಿ ಕೂಸಿರಲಿಲ್ಲ.

ಹುಟ್ಟಿದಾಗ ಮೂರು ಕಿಲೋ ತೂಗುತ್ತಿದ್ದ ಗಂಡುಮಗು ಅದು. ಮೊದಲ ಎರಡು ದಿನ ಎಲ್ಲ ಕೂಸುಗಳಂತೆಯೇ ಅತ್ತಿತು, ಹಾಲು ಕುಡಿಯಿತು, ನಿದ್ದೆ ಮಾಡಿತು. ನಾಲ್ಕನೆಯ ದಿನ ಕುಡಿದ ಹಾಲನ್ನೆಲ್ಲ ಕಕ್ಕತೊಡಗಿತು. ಕಣ್ಣು, ಮೈ ಅರಿಸಿನದ ಬಣ್ಣಕ್ಕೆ ತಿರುಗಿದವು. ಅಳು ಸಣ್ಣಗಾಯಿತು. ಹತ್ತನೆಯ ದಿನ ಅದೂ ನಿಂತಿತು. ತೋರಿಸಿದ ಕಡೆಯಲ್ಲಿ “ನಂಜಾಗಿದೆ” ಎಂದರು. ಮನೆಯಲ್ಲಿ ಕೆಲವರು ಬಾಲಗ್ರಹವೆಂದರು, ಕೆಲವರು ದೃಷ್ಟಿಯೆಂದರು. ನನ್ನ ಅತ್ತೆ ಮಾತ್ರ ಎಲ್ಲರೆದುರಿಗೆ ಒಂದು ಮಾತು ಆಡಿಬಿಟ್ಟರು: “ಇವಳ ಎದೆಹಾಲೇ ಸರಿಯಿಲ್ಲ. ಹಾಲು ಕುಡಿದ ಮೇಲೆಯೇ ಅಲ್ಲವೆ ಕೂಸು ಬಿದ್ದದ್ದು?”

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆ ಹಾಕಿ ಓಡಿಬಂದಿದ್ದೆ. ಅತ್ತೆಯ ಮಾತು ಕೇಳಿ ನನಗೆ ತಡೆಯಲಾರದ ಸಿಟ್ಟು ಬಂದಿತು. ಬಾಯಿಗೆ ಬಂದುದನ್ನು ಅಂದೆ. ಅತ್ತೆಯ ಮಾತು ಕ್ರೂರವಾಗಿದ್ದುದು ನಿಜ. ಆದರೆ ಆ ಕ್ರೂರವಾದ ಮಾತಿನೊಳಗೆ ಒಂದು ಎಳೆಯಷ್ಟು ಸತ್ಯವೂ ಅಡಗಿತ್ತೆಂಬುದು ನಮಗೆ ತಿಳಿಯಲು ಮೂರು ವರ್ಷ ಬೇಕಾಯಿತು.

ನೀಲಿ ದ್ರಾವಣ ಕೆಂಪಾಯಿತು

ಮೂರು ವರ್ಷಗಳ ಮೇಲೆ ಅಕ್ಕನಿಗೆ ಹೆಣ್ಣುಮಗುವಾಯಿತು. ಐದನೆಯ ದಿನಕ್ಕೆ ಅದೇ ವಾಂತಿ, ಅದೇ ಹಳದಿ, ಅದೇ ಜೋಂಪು. ಈ ಸಲ ಯಾರ ಮಾತನ್ನೂ ಕೇಳದೆ ಭಾವ ಮಗುವನ್ನು ಕಾರವಾರಕ್ಕೆ ಒಯ್ದರು. ಅಲ್ಲಿಯ ಮಕ್ಕಳ ವೈದ್ಯರೊಬ್ಬರು ಮಗುವಿನ ಹೊಟ್ಟೆಯನ್ನು ಮುಟ್ಟಿ ನೋಡಿದರು. ಪಿತ್ತಕೋಶ ದೊಡ್ಡದಾಗಿತ್ತು. ಸೂಜಿ ಚುಚ್ಚಿದ ಕಡೆ ರಕ್ತ ಬೇಗ ನಿಲ್ಲಲಿಲ್ಲ. ಆಮೇಲೆ ಅವರು ಔಷಧದ ವಿಚಾರವನ್ನು ಬಿಟ್ಟು ಅಕ್ಕನನ್ನು ಎರಡು ಪ್ರಶ್ನೆ ಕೇಳಿದರು.

“ಹಿಂದಿನ ಮಗುವಿಗೂ ಹೀಗೆಯೇ ಆಗಿತ್ತೇನಮ್ಮ?”

“ಹೌದು ಡಾಕ್ಟ್ರೇ, ಥೇಟು ಹೀಗೆಯೇ.”

“ನೀವೂ ನಿಮ್ಮ ಯಜಮಾನರೂ ಮದುವೆಗೆ ಮೊದಲೇ ಸಂಬಂಧಿಕರೆ?”

“ನಮ್ಮ ಸೋದರತ್ತೆಯ ಮಗನೇ ಅವರು.”

ವೈದ್ಯರು ಮಗುವಿನ ಮೂತ್ರವನ್ನು ತರಿಸಿದರು. ಸಕ್ಕರೆ ರೋಗಕ್ಕೆಂದು ಈಗ ಎಲ್ಲೆಡೆ ಬಳಸುವ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿದರೆ ಬಣ್ಣ ಬದಲಾಗಲಿಲ್ಲ. ಅನಂತರ ಹಳೆಯ ಕಾಲದ ಬೆನೆಡಿಕ್ಟ್ ದ್ರಾವಣವನ್ನು ಗಾಜಿನ ನಳಿಕೆಗೆ ಹಾಕಿ, ಕೆಲವು ತೊಟ್ಟು ಮೂತ್ರ ಸೇರಿಸಿ, ಕಾಯಿಸಿ ನೋಡಿದರು. ನೀಲಿಯಾಗಿದ್ದ ದ್ರಾವಣ ನೋಡನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಿಗೆ ತಿರುಗಿತು. ಪಟ್ಟಿ ಗುರುತಿಸುವುದು ಗ್ಲೂಕೋಸನ್ನು ಮಾತ್ರ. ಬೆನೆಡಿಕ್ಟ್ ದ್ರಾವಣವಾದರೋ ಬೇರೆ ಕೆಲವು ಸಕ್ಕರೆಗಳನ್ನೂ ಹಿಡಿದುಕೊಡುತ್ತದೆ. ಎಂದರೆ ಮೂತ್ರದಲ್ಲಿ ಸಕ್ಕರೆಯಿತ್ತು, ಅದು ಗ್ಲೂಕೋಸ್ ಆಗಿರಲಿಲ್ಲ.

“ಗ್ಯಾಲಕ್ಟೋಸೀಮಿಯಾ ಎಂಬ ರೋಗವಿರಬಹುದು” ಎಂದರು ವೈದ್ಯರು. “ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಉತ್ತರ ಬರುವವರೆಗೆ ಕಾಯಲಾಗದು. ಈ ಗಳಿಗೆಯಿಂದ ಹಾಲು ನಿಲ್ಲಿಸಬೇಕು. ತಾಯಿಯ ಹಾಲೂ ಬೇಡ, ಹಸುವಿನದೂ ಬೇಡ.”

ಮಡಗಾಂವಿನಿಂದ ಸೋಯಾ ಅವರೆಯ ಪುಡಿಯ ಡಬ್ಬಿಗಳು ಬಂದವು. ರಕ್ತನಂಜಿಗೆ ಔಷಧವೂ ನಡೆಯಿತು. ಮೂರನೆಯ ದಿನಕ್ಕೆ ವಾಂತಿ ನಿಂತಿತು. ವಾರದೊಳಗೆ ಕಣ್ಣಿನ ಹಳದಿ ಇಳಿಯಿತು. ಪ್ರಯೋಗಾಲಯದ ಉತ್ತರ ಬಂದಾಗ ವೈದ್ಯರ ಊಹೆ ನಿಜವಾಗಿತ್ತು. ಎದೆ ಬಿಗಿದು ನೋಯುತ್ತಿದ್ದ ಅಕ್ಕ ಹಾಲನ್ನು ಹಿಂಡಿ ಚೆಲ್ಲುತ್ತ, “ತಮ್ಮಾ, ಅಮೃತ ಅಂತಾರಲ್ಲೋ ಇದನ್ನ!” ಎಂದು ಅತ್ತದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ.

ಹಾಲು ಹಗೆಯಾಗುವುದು ಹೇಗೆ?

ಹಾಲಿನ ಸಿಹಿಗೆ ಲ್ಯಾಕ್ಟೋಸ್ ಎಂಬ ಸಕ್ಕರೆ ಕಾರಣ. ಅದು ಕರುಳಿನಲ್ಲಿ ಒಡೆದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಎರಡಾಗುತ್ತದೆ. ಗ್ಲೂಕೋಸನ್ನು ದೇಹ ನೇರವಾಗಿ ಬಳಸಿಕೊಳ್ಳುತ್ತದೆ. ಗ್ಯಾಲಕ್ಟೋಸನ್ನು ಮಾತ್ರ ಹಲವು ಮೆಟ್ಟಿಲುಗಳಲ್ಲಿ ಗ್ಲೂಕೋಸಿನ ರೂಪಕ್ಕೆ ತಂದು ಉಪಯೋಗಿಸಬೇಕಾಗುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ ಕಾವಲುಗಾರ. ಈ ಮೆಟ್ಟಿಲುಗಳನ್ನು ಶೋಧಿಸಿದವರು ಅರ್ಜೆಂಟೈನಾ ದೇಶದ ಲೂಯಿ ಲೆಲ್ವಾರ್. ೧೯೭೦ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವುಗಳಲ್ಲೊಂದು ಕಿಣ್ವ ಇಲ್ಲದಿರುವುದೇ ಈ ರೋಗದ ಮೂಲವೆಂದು ೧೯೫೬ರಲ್ಲಿ ಕಾಲ್ಕರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಕಿಣ್ವವಿಲ್ಲದ ಕೂಸಿನ ಮೈಯಲ್ಲಿ ಗ್ಯಾಲಕ್ಟೋಸಿನಿಂದಾದ ವಸ್ತುಗಳು ಸಂಚಯವಾಗಿ ಪಿತ್ತಕೋಶ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಕಣ್ಣಿಗೆ ಪೊರೆ ಬರುತ್ತದೆ. ಕೂಸು ಕುಡಿದಷ್ಟೂ ಬಡವಾಗುತ್ತದೆ.

ಇದು ವಿರಳವಾದ ರೋಗ. ಪಾಶ್ಚಾತ್ಯ ದೇಶಗಳಲ್ಲಿ ೪೦ರಿಂದ ೬೦ ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆನ್ನುತ್ತಾರೆ. ಆದುದರಿಂದ ಈ ಲೇಖನವನ್ನು ಓದಿ ಯಾವ ತಾಯಿಯೂ ವೈದ್ಯರ ಮಾತಿಲ್ಲದೆ ಮಗುವಿಗೆ ಹಾಲು ನಿಲ್ಲಿಸಬಾರದು. ಉಳಿದ ಸಾವಿರಾರು ಕೂಸುಗಳಿಗೆ ತಾಯಿಯ ಹಾಲಿಗೆ ಸಮನಾದದ್ದು ಬೇರೊಂದಿಲ್ಲ.

ಅತ್ತೆಯ ಮಾತಿನಲ್ಲಿದ್ದ ಸತ್ಯವೂ ತಪ್ಪೂ ಈಗ ವಾಚಕರಿಗೆ ವಿಶದವಾಗಿರಬೇಕು. ಕೂಸಿಗೆ ಕೆಡುಕಾದುದು ಹಾಲಿನಿಂದಲೇ. ಆದರೆ ಅಕ್ಕನ ಹಾಲಿನಲ್ಲಿ ದೋಷವಿರಲಿಲ್ಲ, ಊರಿನ ಯಾವ ಹಾಲು ಕುಡಿಸಿದರೂ ಅದೇ ಗತಿಯಾಗುತ್ತಿತ್ತು. ದೋಷವಿದ್ದುದು ಒಂದು ಕಿಣ್ವದಲ್ಲಿ. ಆ ಕೊರತೆಯ ಬೀಜವನ್ನು ತಾಯಿಯೂ ತಂದೆಯೂ ಇಬ್ಬರೂ ಅರಿಯದೆ ಹೊತ್ತಿದ್ದರು. ಒಂದೇ ಬೀಜ ಹೊತ್ತವರಿಗೆ ಯಾವ ಬಾಧೆಯೂ ಇಲ್ಲ. ಇಬ್ಬರಿಂದಲೂ ಅದೇ ಬೀಜ ಬಂದ ಮಗುವಿಗೆ ಮಾತ್ರ ರೋಗ. ಅಂಥ ದಂಪತಿಗಳಿಗೆ ಪ್ರತಿಯೊಂದು ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಈ ಅಪಾಯವಿರುತ್ತದೆ. ಅತ್ತೆಯ ಮಗನನ್ನು ಮದುವೆಯಾದರೆ ಅಜ್ಜ ಅಜ್ಜಿಯರು ಇಬ್ಬರಿಗೂ ಸಮಾನರಾಗುವುದರಿಂದ ಒಂದೇ ಬೀಜ ಎರಡು ಕಡೆಯಿಂದ ಬರುವ ಸಂಭವ ಹೆಚ್ಚುತ್ತದೆ. ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಗಾಳಿಗೊಡ್ಡಿದರೆ ಮೂತ್ರ ಕಪ್ಪಾಗುವ ಒಂದು ಅಪೂರ್ವ ರೋಗವನ್ನು ಪರಿಶೀಲಿಸುತ್ತ, ಅಂಥ ಮಕ್ಕಳಲ್ಲಿ ಹಲವರ ತಂದೆತಾಯಿಗಳು ಹತ್ತಿರದ ಸಂಬಂಧಿಕರೆಂಬುದನ್ನು ೧೯೦೨ರಲ್ಲಿಯೇ ಗಮನಿಸಿದ್ದರು. ಈ ಬಗೆಯ ರೋಗಗಳಿಗೆ ‘ಚಯಾಪಚಯದ ಹುಟ್ಟುದೋಷಗಳು’ ಎಂಬ ಅರ್ಥದ ಹೆಸರಿಟ್ಟವರೂ ಅವರೇ.

ಬೇಲಿಯಾಚೆಯ ಇನ್ನೊಂದು ಮಗು

ಅಕ್ಕನ ಮಗಳಿಗೆ ಎರಡು ವರ್ಷ ತುಂಬಿದಾಗ ನಾನು ಮತ್ತೆ ಆ ಊರಿಗೆ ಹೋಗಿದ್ದೆ. ಬೇಲಿಯಾಚೆ ಮೀನುಗಾರರ ಮನೆಯೊಂದಿದೆ. ಆ ಮನೆಯ ತಾಯಿ ಬೆಳಗಿನ ಜಾವಕ್ಕೆ ಬುಟ್ಟಿ ಹೊತ್ತು ಮೀನು ಮಾರಲು ಹೋದರೆ ಮರಳುವುದು ಮಧ್ಯಾಹ್ನ ಇಳಿದ ಮೇಲೆ. ಆಕೆಯ ಮಗನೂ ಅದೇ ವಯಸ್ಸಿನವನು. ತಾಯಿ ಮತ್ತೆ ಬಸುರಿಯಾದುದರಿಂದ ಒಂದು ವರ್ಷ ತುಂಬುತ್ತಲೇ ಮೊಲೆ ಬಿಡಿಸಿದ್ದರು. ಆ ಮೇಲೆ ಅವನಿಗೆ ಗಂಜಿಯ ತಿಳಿಯೇ ಗತಿಯಾಗಿತ್ತು.

ನಾನು ನೋಡಿದಾಗ ಹುಡುಗನ ಕೆನ್ನೆ ಗುಂಡಗಿತ್ತು, ಕಾಲು ದಪ್ಪಗಿದ್ದವು. “ಈಚೆಗೆ ಮೈ ತುಂಬಿಕೊಂಡಾನೆ” ಎಂದು ಅವನ ಅಜ್ಜಿ ಹಿಗ್ಗಿನಿಂದ ಹೇಳಿದರು. ಆದರೆ ಆ ಹುಡುಗ ನಗುತ್ತಿರಲಿಲ್ಲ. ಆಟಿಗೆ ಕೊಟ್ಟರೆ ಕೈ ಚಾಚುತ್ತಿರಲಿಲ್ಲ. ತಲೆಗೂದಲು ತೆಂಗಿನ ನಾರಿನಂತೆ ಕೆಂಚಾಗಿತ್ತು. ಅಂಗನವಾಡಿಯ ಅಕ್ಕೋರು ಬಂದು ಅವನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ಅಲ್ಲಿ ಕುಳಿ ಬಿದ್ದಿತು. ಇನ್ನೊಂದು ಪಾದದಲ್ಲಿಯೂ ಹಾಗೆಯೇ. “ಇದು ಮಾಂಸವಲ್ಲ ಅಜ್ಜೀ, ನೀರು” ಎಂದರು ಅವರು.

ಆ ರೋಗಕ್ಕೆ ವೈದ್ಯರು ಕ್ವಾಶಿಯೋರ್ಕರ್ ಎನ್ನುತ್ತಾರೆ. ಆಫ್ರಿಕದ ಗೋಲ್ಡ್‌ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಕೆಲಸ ಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ೧೯೩೩ರಲ್ಲಿ ಇದನ್ನು ಮೊದಲು ವರ್ಣಿಸಿದರು. ಎರಡು ವರ್ಷಗಳ ಮೇಲೆ ಅಲ್ಲಿಯ ಗಾ ಜನರ ಮಾತಿನಿಂದಲೇ ಈ ಹೆಸರನ್ನು ಎತ್ತಿಕೊಂಡರು. ತಮ್ಮನೋ ತಂಗಿಯೋ ಹುಟ್ಟಿದಾಗ ತಾಯಿಯ ಮಡಿಲಿನಿಂದ ದೂರವಾದ ಮಗುವಿಗೆ ಬರುವ ರೋಗ ಎಂದು ಅದರ ಭಾವ. ಪುಸ್ತಕ ಓದದ ಆ ತಾಯಂದಿರು ರೋಗದ ಲಕ್ಷಣದೊಡನೆ ಅದರ ಸಂದರ್ಭವನ್ನೂ ಒಂದೇ ಶಬ್ದದಲ್ಲಿ ಹಿಡಿದಿದ್ದರಲ್ಲ, ಭಾಷೆಯನ್ನು ಪಾಠ ಮಾಡುವ ನನಗೆ ಅದೊಂದು ಸೋಜಿಗವೆನಿಸುತ್ತದೆ.

ನಮ್ಮ ನಾಡಿನಲ್ಲಿ ಈ ರೋಗವನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಡಾ. ಸಿ. ಗೋಪಾಲನ್ ಪ್ರಮುಖರು. ಅವರು ದುಡಿದ ಕೂನೂರಿನ ಪೋಷಣಾ ಪ್ರಯೋಗಾಲಯ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿತು. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಶೇಂಗಾ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಸೇರಿಸಿ ಬಡಮಕ್ಕಳಿಗೆ ಅಗ್ಗದ ಪೌಷ್ಟಿಕ ಪುಡಿಯನ್ನು ತಯಾರಿಸಿತು. ೧೯೭೫ರ ಅಕ್ಟೋಬರ್ ೨ರಂದು ಅಂಗನವಾಡಿಗಳ ಯೋಜನೆ ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದುದು ಟಿ. ನರಸೀಪುರ. ೨೦೧೩ರಲ್ಲಿ ‘ಕ್ಷೀರಭಾಗ್ಯ’ವೂ ಬಂದಿತು.

ಇಷ್ಟಾದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನೂರಕ್ಕೆ ೧೯ಕ್ಕೂ ಹೆಚ್ಚು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಅಂಕಿಗಳನ್ನು ಓದುವಾಗ ಅವು ಎಲ್ಲಿಯೋ ದೂರದ ಊರಿನವೆಂದು ನಮಗೆ ತೋರುತ್ತದೆ. ನನ್ನ ಅಕ್ಕನ ಮನೆಯ ಬೇಲಿಗೂ ಆ ಅಂಕಿಗಳಿಗೂ ನಡುವೆ ಇದ್ದ ಅಂತರ ಹತ್ತು ಮಾರು.

ಕಡಲ ಮಗ್ಗುಲಲ್ಲಿ ಹಸಿವು

ಕಾರವಾರ, ಅಂಕೋಲೆಗಳಲ್ಲಿ ಮಕ್ಕಳಿಗೆ ಪುಷ್ಟಿಯ ಆಹಾರವಿಲ್ಲವೆಂದರೆ ಹೊರಗಿನವರು ನಂಬಲಾರರು. ಬಂಗಡೆಯುಂಟು, ತಾರ್ಲೆಯುಂಟು, ಹೊಳೆಯ ಬಾಯಲ್ಲಿ ಬೆಳಚು ಉಂಟು. ಹಾಲಕ್ಕಿ ಒಕ್ಕಲಿಗರ ಹೆಂಗಸರು ಬುಟ್ಟಿ ತುಂಬ ಸೊಪ್ಪು ತರಕಾರಿ ತರುತ್ತಾರೆ. ಅವರ ಮನೆಗಳ ರಾಗಿಯ ಅಂಬಲಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ನೂರು ಗ್ರಾಮ್ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣವಿರುತ್ತದೆ. ಅಕ್ಕಿಗೆ ಈ ಭಾಗ್ಯವಿಲ್ಲ.

ಹೀಗಿದ್ದೂ ಒಂದೂವರೆ ವರ್ಷದ ಮಗುವಿನ ತಟ್ಟೆಗೆ ಇವು ಬಂದು ಬೀಳುವುದಿಲ್ಲ. ಮೀನಿನಲ್ಲಿ ಮುಳ್ಳಿದೆ, ಮೊಟ್ಟೆ ಉಷ್ಣ, ಬೇಳೆ ವಾಯು, ಬಾಳೆಹಣ್ಣು ಶೀತ. ಹೀಗೆ ಒಂದೊಂದನ್ನೂ ತೆಗೆದಿಡುತ್ತ ಹೋದರೆ ಕೊನೆಗೆ ಉಳಿಯುವುದು ಗಂಜಿಯ ತಿಳಿ ಮತ್ತು ಉಪ್ಪು. ಮೇಲಾಗಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲು ಆ ನಿರ್ಬಂಧ ಬೇಕೇ ಬೇಕು. ಆದರೆ ಆ ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಕೈಯಲ್ಲಿ ಕಾಸೂ ಇಲ್ಲ, ಮಡಕೆಯಲ್ಲಿ ಸಾರೂ ಇಲ್ಲ. ಬುಟ್ಟಿ ಹೊರುವ ತಾಯಿಗೆ ಮಗುವನ್ನು ದಿನಕ್ಕೆ ಐದು ಸಲ ಕೂಡ್ರಿಸಿ ಉಣ್ಣಿಸುವಷ್ಟು ಬಿಡುವೂ ಇಲ್ಲ. ಇದನ್ನು ಅಜ್ಞಾನವೆಂದು ಜರೆಯುವುದು ಸುಲಭ. ಅದರಲ್ಲಿ ಅಜ್ಞಾನದ ಪಾಲಿಗಿಂತ ಬಡತನದ ಮತ್ತು ದಣಿವಿನ ಪಾಲೇ ದೊಡ್ಡದು.

ಹುಡುಗನನ್ನು ಆಸ್ಪತ್ರೆಗೆ ಸೇರಿಸಿದರು. ಅಂಥ ಮಕ್ಕಳಿಗೆ ಒಮ್ಮೆಲೇ ಹೊಟ್ಟೆತುಂಬ ಕೊಡಬಾರದು. ಬಡಕಲಾದ ದೇಹ ಅದನ್ನು ತಾಳದು. ಮೊದಲು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ತೆಳು ಹಾಲಿನ ಮಿಶ್ರಣ, ಮೈ ಬೆಚ್ಚಗಿಡುವುದು, ನಂಜಿಗೆ ಔಷಧ. ಕೆಲವು ದಿನಗಳ ಮೇಲೆ ಗಟ್ಟಿ ಆಹಾರ. ಮೊದಲ ವಾರದಲ್ಲಿ ಹುಡುಗನ ತೂಕ ಇಳಿಯಿತು. “ಇಲ್ಲಿಗೆ ಬಂದು ಮತ್ತಷ್ಟು ಸೊರಗಿದನಲ್ಲ” ಎಂದು ತಾಯಿ ಗಾಬರಿಯಾದಳು. ಮೈಯಲ್ಲಿ ತುಂಬಿದ್ದ ನೀರು ಹೋಗುತ್ತಿದೆಯೆಂದು ದಾದಿ ತಿಳಿಹೇಳಿದಳು. ಎರಡನೆಯ ವಾರ ಹುಡುಗ ನಕ್ಕನಂತೆ. ಕ್ವಾಶಿಯೋರ್ಕರ್ ಆದ ಮಗು ನಕ್ಕಿತೆಂದರೆ ಗುಣವಾಗುತ್ತಿದೆಯೆಂದೇ ವೈದ್ಯರು ಎಣಿಸುತ್ತಾರೆ.

ಎರಡನ್ನೂ ನೆನೆಯಬೇಕು

ಬೇಲಿಯ ಈಚೆ ಉಂಡು ಬಡವಾದ ಕೂಸು, ಆಚೆ ಉಣ್ಣದೆ ಬಡವಾದ ಕೂಸು. ಒಂದಕ್ಕೆ ಹಾಲು ವಿಷ, ಇನ್ನೊಂದಕ್ಕೆ ಹಾಲೇ ಔಷಧ. ದೂರದಿಂದ ನೋಡುವವರಿಗೆ ಎರಡೂ ‘ಏಳಿಗೆಯಿಲ್ಲದ ಕೂಸು’ಗಳೇ. ಇಲ್ಲಿಯೇ ತೊಡಕಿರುವುದು. ಸೊರಗಿದ ಮಗುವನ್ನು ಕಂಡಾಗ ಮೊದಲು ಆಹಾರದ ಕೊರತೆ, ಭೇದಿ, ಜಂತು, ಕ್ಷಯಗಳನ್ನು ವಿಚಾರಿಸುವುದೇ ಸರಿಯಾದ ಕ್ರಮ, ಏಕೆಂದರೆ ಅವೇ ಹೆಚ್ಚು. ಆದರೆ ಕೆಲವು ಗುರುತುಗಳು ಕಂಡರೆ ಹುಟ್ಟುದೋಷವನ್ನೂ ನೆನೆಯಬೇಕು. ಹುಟ್ಟಿದಾಗ ಚೆನ್ನಾಗಿದ್ದು ಹಾಲು ಆರಂಭಿಸಿದ ಕೆಲವೇ ದಿನಗಳಲ್ಲಿ ಕೂಸು ಮಂಕಾಗುವುದು. ಕಾರಣ ತಿಳಿಯದ ವಾಂತಿ, ಸೆಳವು. ಮೂತ್ರಕ್ಕೋ ಬೆವರಿಗೋ ವಿಚಿತ್ರವಾದ ವಾಸನೆ. ಸಣ್ಣ ಜ್ವರ ಬಂದರೂ ಮಗು ಎಚ್ಚರ ತಪ್ಪುವುದು. ಒಡಹುಟ್ಟಿದ ಮಗು ಹಿಂದೆ ಹೀಗೆಯೇ ತೀರಿಹೋಗಿರುವುದು. ತಂದೆತಾಯಿಗಳು ಹತ್ತಿರದ ಸಂಬಂಧಿಕರಾಗಿರುವುದು. ಇವುಗಳನ್ನು ವೈದ್ಯರು ಕೇಳದಿದ್ದರೂ ನಾವಾಗಿ ಹೇಳಬೇಕು.

ವಾಸನೆಯ ಮಾತನ್ನು ಹಗುರವಾಗಿ ಕಾಣಬಾರದು. ನಾರ್ವೆ ದೇಶದ ತಾಯಿಯೊಬ್ಬಳು ತನ್ನ ಇಬ್ಬರು ಮಂದಬುದ್ಧಿಯ ಮಕ್ಕಳ ಮೈಗೆ ಒಂದು ಬಗೆಯ ವಾಸನೆಯಿದೆಯೆಂದು ವೈದ್ಯರಿಂದ ವೈದ್ಯರಿಗೆ ಅಲೆದಳು. ೧೯೩೪ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬವರು ಆಕೆಯ ಮಾತಿಗೆ ಕಿವಿಗೊಟ್ಟು ಪರೀಕ್ಷಿಸಿದುದರಿಂದ ಫಿನೈಲ್‌ಕೀಟೋನೂರಿಯಾ ಎಂಬ ರೋಗ ಬೆಳಕಿಗೆ ಬಂದಿತು. ಆ ಮಕ್ಕಳಿಗೆ ಕಾಲ ಮೀರಿತ್ತು. ಆದರೆ ೧೯೫೦ರ ದಶಕದಲ್ಲಿ ವಿಶೇಷ ಆಹಾರದಿಂದ ಈ ರೋಗವನ್ನು ತಡೆಯಬಹುದೆಂದು ತಿಳಿಯಿತು. ಅನಂತರದ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ತೊಟ್ಟನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಉಪಾಯವನ್ನು ಬಳಕೆಗೆ ತಂದರು.

ಭಾರತದಲ್ಲಿ ಇಂಥ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಕೈಗೊಂಡುದು ನಮ್ಮ ಕರ್ನಾಟಕದಲ್ಲಿಯೇ ಎಂಬುದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾಯರು ಮತ್ತು ಅವರ ಸಂಗಡಿಗರು ೧೯೮೦ರಲ್ಲಿ ಕೆಲಸ ಆರಂಭಿಸಿ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಬೆಂಗಳೂರು, ಮೈಸೂರುಗಳಲ್ಲಿ ಸುಮಾರು ಮೂರು ಮದುವೆಗಳಲ್ಲಿ ಒಂದು ಹತ್ತಿರದ ರಕ್ತಸಂಬಂಧದ ಮದುವೆಯೆಂಬುದೂ ಆ ಕಾಲದ ಸಂಶೋಧನೆಯಿಂದ ತಿಳಿದುಬಂದಿತು. ಕಾರವಾರದ ಮಗ್ಗುಲಿನ ಗೋವಾ ರಾಜ್ಯವು ೨೦೦೮ರಲ್ಲಿ ನವಜಾತ ಶಿಶುಗಳ ಪರೀಕ್ಷೆಯನ್ನು ಸರಕಾರದ ಕಾರ್ಯಕ್ರಮವಾಗಿಯೇ ಕೈಗೊಂಡು ಕೆಲವು ವರ್ಷ ನಡೆಸಿತು. ೨೦೨೧ರಲ್ಲಿ ಕೇಂದ್ರ ಸರಕಾರ ವಿರಳ ರೋಗಗಳಿಗಾಗಿ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದೆ. ಗೊತ್ತುಮಾಡಿದ ರೋಗಗಳ ಚಿಕಿತ್ಸೆಗೆ ೫೦ ಲಕ್ಷ ರೂಪಾಯಿಗಳವರೆಗೆ ಸಹಾಯ ನೀಡಲು ೨೦೨೨ರಲ್ಲಿ ಅವಕಾಶವಾಯಿತು. ಬೆಂಗಳೂರಿನಲ್ಲಿಯೂ ಅದರ ಒಂದು ಕೇಂದ್ರವಿದೆ.

ಆದರೆ ಹಿಮ್ಮಡಿಯ ಆ ಒಂದು ತೊಟ್ಟು ರಕ್ತ ಅಂಕೋಲೆಯ ಹಳ್ಳಿಯ ಪ್ರತಿಯೊಂದು ತೊಟ್ಟಿಲಿನಿಂದ ಪ್ರಯೋಗಾಲಯವನ್ನು ತಲುಪುವ ದಿನ ಇನ್ನೂ ಬರಬೇಕಾಗಿದೆ. ಅಂದು ಆ ಪರೀಕ್ಷೆ ನಡೆದಿದ್ದರೆ ಅಕ್ಕನ ಮೊದಲ ಕೂಸು ಉಳಿಯಬಹುದಿತ್ತು. ನಡೆದೂ ಉತ್ತರ ತಡವಾಗಿದ್ದರೆ ಉಳಿಯದೆಯೂ ಹೋಗಬಹುದಿತ್ತು. ಪರೀಕ್ಷೆಯಷ್ಟೇ ಮುಖ್ಯವಾದುದು ತಾಯಿಯ ಮಾತಿಗೆ ಕಿವಿಗೊಡುವ ವೈದ್ಯ, ಗದರದೆ ಕೇಳುವ ಮನೆ.

ಬಂಡಿಹಬ್ಬದಲ್ಲಿ

ಅಕ್ಕನ ಮಗಳಿಗೆ ಈಗ ಹನ್ನೊಂದು ವರ್ಷ. ಮಾತು ಬರುವುದು ತಡವಾಯಿತು, ಗಣಿತ ಸ್ವಲ್ಪ ತೊಡಕು. ಹಾಲು ಬಿಟ್ಟರೂ ಈ ರೋಗದ ಕೆಲವು ಎಳೆಗಳು ಉಳಿಯುತ್ತವೆಂದೂ, ಹುಡುಗಿ ದೊಡ್ಡವಳಾಗುವಾಗ ವೈದ್ಯರ ಸಲಹೆ ಬೇಕಾಗುವುದೆಂದೂ ನಮಗೆ ಮೊದಲೇ ಹೇಳಿದ್ದಾರೆ. ಹಾಲು, ಮೊಸರು, ಪೇಢೆ, ಚಾಕಲೇಟು ಅವಳಿಗಿಲ್ಲ. ಗುಳಿಗೆಗಳಲ್ಲಿಯೂ ಹಾಲಿನ ಸಕ್ಕರೆ ಬೆರೆತಿರಬಹುದಾದುದರಿಂದ ಔಷಧದಂಗಡಿಯಲ್ಲಿ ವಿಚಾರಿಸಿಯೇ ಕೊಳ್ಳಬೇಕು. ರಾಗಿ, ಮುಳ್ಳುಸಹಿತ ಬೇಯಿಸಿದ ಸಣ್ಣ ಮೀನು, ಸೊಪ್ಪು, ವೈದ್ಯರು ಹೇಳಿದ ಸುಣ್ಣದ ಔಷಧ, ಇವು ಹಾಲಿನ ಕೊರತೆಯನ್ನು ತುಂಬುತ್ತವೆ. ಹಬ್ಬದ ಪಾಯಸಕ್ಕೆ ನಮ್ಮ ಕರಾವಳಿಯಲ್ಲಿ ಬೇರೆ ಹಾಲು ಏಕೆ ಬೇಕು? ತೆಂಗಿನಕಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲ. ಊರಿನ ತೆಂಗು ಆ ಕೂಸಿಗೆ ಕಾಮಧೇನುವಾಗಿದೆ.

ಕಳೆದ ವೈಶಾಖದಲ್ಲಿ ಅಂಕೋಲೆಯ ಬಂಡಿಹಬ್ಬಕ್ಕೆ ಹೋದಾಗ ನೆಂಟರ ಮನೆಯ ಪೂಜೆಯಲ್ಲಿ ಪಂಚಾಮೃತ ಹಂಚುತ್ತಿದ್ದರು. ಹುಡುಗಿ ಎಲ್ಲ ಮಕ್ಕಳೊಡನೆ ಅಂಗೈ ಚಾಚಿದ್ದಳು. ಮೂಲೆಯಲ್ಲಿ ಕುಳಿತಿದ್ದ ಅತ್ತೆ, ಮೊಣಕಾಲು ನೋವನ್ನು ಮರೆತು ಎದ್ದು ಬಂದು, ಆ ಪುಟ್ಟ ಅಂಗೈಯನ್ನು ತಮ್ಮ ಕೈಯಿಂದ ಮುಚ್ಚಿದರು.

“ಇದಕ್ಕೆ ಬೇಡ ಭಟ್ಟರೇ. ನಮ್ಮ ಕೂಸಿಗೆ ಹಾಲು ಆಗೂದಿಲ್ಲ. ಒಂದು ತುಳಸಿ ಎಲೆ ಕೊಡಿ, ಸಾಕು.”

ನೆಂಟರ ಮುದುಕಿಯೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, “ಇದೆಂಥದೇ? ಹಾಲು ಆಗದ ಕೂಸು ಉಂಟೇ? ತಾಯಿಯದು ಏನಾದರೂ…” ಎಂದು ಎಳೆದಳು.

ಅತ್ತೆ ತಟ್ಟನೆ ತಿರುಗಿ ನಿಂತರು. “ತಾಯಿಯದು ಏನೂ ಇಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿದ್ದ ಅಕ್ಕನಿಗೂ ನನಗೂ ಮಾತ್ರ ಕೇಳುವಂತೆ, “ನಾನೂ ಒಮ್ಮೆ ಹಾಗೆಯೇ ಅಂದಿದ್ದೆ” ಎಂದರು.

ಅಕ್ಕ ಏನೂ ಹೇಳಲಿಲ್ಲ. ಮಗಳ ಅಂಗೈಯಲ್ಲಿದ್ದ ತುಳಸಿಯ ಎಲೆಯನ್ನು ಎತ್ತಿ ಅತ್ತೆಯ ಮುಡಿಗೆ ಸಿಕ್ಕಿಸಿದಳು.